ಗಂಡಿಗೊಂದು ನ್ಯಾಯ, ಹೆಣ್ಣಿಗೊಂದು ನ್ಯಾಯ: ರೆನೆಸಾನ್ಸ್ ಸಾಹಿತ್ಯದಿಂದ ಯಾವ ದೃಶ್ಯ ಓದಬೇಕು?

ಕೌಲ್‌ಬಜಾರ್ ಓದುಗ (ಬಳ್ಳಾರಿ)

ಬಳ್ಳಾರಿಯಲ್ಲಿ ನಮ್ಮ ಓದುಗರ ಬಳಗ 75 ನಿಮಿಷದ ರಂಗವಾಚನ ಇಟ್ಟುಕೊಂಡಿದೆ. ವೇಷ ಇಲ್ಲ, ಪರದೆ ಇಲ್ಲ. ಮೂವರು ಹೆಣ್ಣುಮಕ್ಕಳು, ಇಬ್ಬರು ಗಂಡಸರು ಕೈಯಲ್ಲಿ ಹಾಳೆ ಹಿಡಿದು ಓದುತ್ತಾರೆ. ವಿಷಯ: ಯುರೋಪಿನ ರೆನೆಸಾನ್ಸ್ (ಪುನರುಜ್ಜೀವನ) ಕಾಲದ ಸಾಹಿತ್ಯದಲ್ಲಿ ಹಾದರ, ಅದರಲ್ಲೂ ಗಂಡಿಗೊಂದು ನ್ಯಾಯ ಹೆಣ್ಣಿಗೊಂದು ನ್ಯಾಯ. ಎಲ್ಲ ಕನ್ನಡದಲ್ಲೇ.

ಈಗ ಪಟ್ಟಿಯಲ್ಲಿರೋದು ಮೂರು ದೃಶ್ಯ: 'ಒಥೆಲೋ'ದಲ್ಲಿ ಗಂಡನ ಕೈಯಲ್ಲಿ ಡೆಸ್ಡಿಮೋನಾಳ ಕೊಲೆ, 'ವಿಂಟರ್ಸ್ ಟೇಲ್'ನಲ್ಲಿ ಹಾದರದ ಆರೋಪ ಹೊತ್ತ ರಾಣಿ ಹರ್ಮಿಯೋನಿಯ ವಿಚಾರಣೆ, 'ಮಚ್ ಅಡೋ'ದಲ್ಲಿ ಹೀರೋ ಎಂಬ ಹುಡುಗಿಯ ಮದುವೆ ಮುರಿಯೋದು. ಮೂರೂ ಷೇಕ್ಸ್‌ಪಿಯರ್. ಇಷ್ಟು ಸಾಕೇ? ಇನ್ನೊಂದು: ಆ ಕಾಲದವರಿಗೆ ಇದು ಅನ್ಯಾಯ ಅಂತ ಅನಿಸಿಯೇ ಇರಲಿಲ್ಲ, ನಾವು ಇವತ್ತಿನ ಕಣ್ಣಿಂದ ನೋಡ್ತಿದ್ದೀವಿ ಅಂತ ಬಳಗದಲ್ಲೇ ಕೆಲವರ ವಾದ. ಗೊತ್ತಿರೋರು ದಯವಿಟ್ಟು ತಿಳಿಸಿ.

ಸಂಡೂರು ಮಣ್ಣು

ಮೂರೂ ಒಳ್ಳೆಯ ದೃಶ್ಯಗಳೇ. ಆದರೆ ಮೂರನ್ನೇ ಓದಿದರೆ ನಿಮ್ಮ ವಿಷಯವೇ ಕೈತಪ್ಪಿ ಹೋಗುತ್ತದೆ. ಡೆಸ್ಡಿಮೋನಾ, ಹರ್ಮಿಯೋನಿ, ಹೀರೋ ಮೂವರೂ ಏನೂ ತಪ್ಪು ಮಾಡದವರು. ಕೇಳಿದವರು "ಅಯ್ಯೋ, ಆಕೆ ಏನೂ ಮಾಡಿರಲಿಲ್ಲವಲ್ಲ" ಎಂದು ಮರುಗುತ್ತಾರೆ. ಮಾಡಿದ್ದರೆ ಕೊಂದದ್ದು ಸರಿ ಎಂಬ ಮಾತು ಆ ಮರುಕದೊಳಗೇ ಕೂತಿರುತ್ತದೆ. ನ್ಯಾಯ ಎರಡಾದದ್ದು ಯಾಕೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ಹಾಗಾಗಿ ಪಟ್ಟಿಯಲ್ಲಿ ನಿಜವಾಗಿಯೂ ಹಾದರ ಮಾಡಿದ ಹೆಣ್ಣು ಒಬ್ಬಳಾದರೂ ಇರಬೇಕು. ಇಲ್ಲವೇ, ಮಾಡಿದ್ದಾಳೋ ಇಲ್ಲವೋ ಎಂಬುದನ್ನು ಲೆಕ್ಕಕ್ಕೇ ತಗೊಳ್ಳದೆ ಅವಳ ಪರ ನಿಲ್ಲುವ ಒಬ್ಬರು ಇರಬೇಕು.

ಆ ಕಾಲದವರಿಗೆ ತಿಳಿದಿರಲಿಲ್ಲ ಎಂಬುದಂತೂ ಸುಳ್ಳು. ಇಟಲಿಯಿಂದಲೇ ಶುರು ಮಾಡಿ. ಬೊಕಾಚೊನ 'ಡೆಕಮೆರಾನ್' 1350ರ ಆಸುಪಾಸಿನದು. ಅದರ ಆರನೇ ದಿನದ ಏಳನೇ ಕಥೆ ನಿಮ್ಮ ವಾಚನಕ್ಕೆಂದೇ ಬರೆದಂತಿದೆ. ಪ್ರಾಟೊ ಊರಿನಲ್ಲಿ ಒಂದು ಕಟ್ಟಳೆ: ಪರಪುರುಷನ ಜತೆ ಗಂಡನ ಕೈಗೆ ಸಿಕ್ಕಿಬಿದ್ದ ಹೆಂಡತಿಯನ್ನು ಜೀವಂತ ಸುಡಬೇಕು. ಫಿಲಿಪ್ಪಾ ಎಂಬಾಕೆ ಸಿಕ್ಕಿಬೀಳುತ್ತಾಳೆ. ಓಡಿಹೋಗು ಎಂದು ತನ್ನವರು ಹೇಳಿದರೂ ಕೇಳದೆ ನ್ಯಾಯಾಧಿಕಾರಿಯ ಮುಂದೆ ಹೋಗಿ ನಿಂತು, ಹೌದು ಎಂದು ಒಪ್ಪಿಕೊಳ್ಳುತ್ತಾಳೆ. ಆಮೇಲೆ ಎರಡು ವಾದ ಹೂಡುತ್ತಾಳೆ. ಮೊದಲನೆಯದು: ಕಾನೂನು ಎಲ್ಲರಿಗೂ ಒಂದೇ ಇರಬೇಕು, ಯಾರ ಮೇಲೆ ಹೇರುತ್ತೀರೋ ಅವರ ಒಪ್ಪಿಗೆ ಇರಬೇಕು, ಇದು ಹೆಂಗಸರ ಮೇಲಷ್ಟೇ ಇದೆ, ಮಾಡುವಾಗ ಒಬ್ಬ ಹೆಂಗಸನ್ನೂ ಕೇಳಲಿಲ್ಲ. ಎರಡನೆಯದು: ಗಂಡ ಕೇಳಿದಾಗ ಎಂದಾದರೂ ಇಲ್ಲವೆಂದಿದ್ದೇನೆಯೇ, ಅವನನ್ನೇ ಕೇಳಿ, ಅವನಿಗೆ ಸಾಕಾಗಿ ಉಳಿದದ್ದನ್ನು ನಾಯಿಗೆ ಹಾಕಲೇ? ಊರಿಗೆ ಊರೇ ನಕ್ಕು ಕಟ್ಟಳೆಯನ್ನು ತಿದ್ದುತ್ತದೆ. ಎರಡನೇ ವಾದಕ್ಕೆ ನಗು ತಾನಾಗಿ ಬರುತ್ತದೆ. ಮೊದಲನೆಯದನ್ನು ಅವಸರದಲ್ಲಿ ಓದಿದರೆ ಕಥೆ ಬರೀ ಚೇಷ್ಟೆಯಾಗಿ ಉಳಿಯುತ್ತದೆ.

ಇನ್ನು ಅರಿಯೊಸ್ಟೊನ ಕಾವ್ಯ 'ಒರ್ಲಾಂಡೊ ಫ್ಯೂರಿಯೋಸೊ' (ಮೊದಲ ಮುದ್ರಣ 1516, ಕೊನೆಯ ರೂಪ 1532). ನಾಲ್ಕನೇ ಕಾಂಡದಲ್ಲಿ ಸ್ಕಾಟ್ಲೆಂಡಿನ ರಾಜಕುಮಾರಿ ಜಿನೆವ್ರಾಳ ಮೇಲೆ ಆರೋಪ ಬಂದಿದೆ. ತಿಂಗಳೊಳಗೆ ಯಾರಾದರೂ ಅವಳ ಪರ ಕತ್ತಿ ಹಿಡಿಯದಿದ್ದರೆ ಸಾವೇ. ಸುದ್ದಿ ಕೇಳಿದ ರಿನಾಲ್ಡೊ ಎಂಬ ವೀರ ಆಡುವ ಮಾತು ನೋಡಿ: ಅವಳು ಪ್ರಿಯನನ್ನು ಕರೆದುಕೊಂಡದ್ದು ನಿಜವೋ ಸುಳ್ಳೋ, ಅದನ್ನು ನಾನು ನೋಡುವುದಿಲ್ಲ. ಗಂಡು ಎಷ್ಟು ಹೆಂಗಸರ ಜತೆ ಮಾಡಿದರೂ ಹೊಗಳಿಸಿಕೊಳ್ಳುವ ಕೆಲಸಕ್ಕೆ ಹೆಣ್ಣಿಗೆ ಶಿಕ್ಷೆ ಯಾಕೆ? (ಜಿನೆವ್ರಾಗೆ ಮದುವೆಯಾಗಿಲ್ಲ, ಹಾಗಾಗಿ ಇದು ಕಟ್ಟುನಿಟ್ಟಾಗಿ ಹಾದರವಲ್ಲ. ನಿರೂಪಣೆಯಲ್ಲಿ ಅದನ್ನು ಹೇಳಿಬಿಡಿ.)

ನಿಮ್ಮ ಪಟ್ಟಿಯ ಹೀರೋ ಕಥೆ ಹುಟ್ಟಿದ್ದು ಇದೇ ಜಿನೆವ್ರಾ ಕಥೆಯಿಂದ. ದಾಸಿಗೆ ಒಡತಿಯ ಬಟ್ಟೆ ಉಡಿಸಿ ಕಿಟಕಿಯಲ್ಲಿ ನಿಲ್ಲಿಸುವ ಮೋಸ ಅಲ್ಲಿಂದ ಬಂದದ್ದು. ಹ್ಯಾರಿಂಗ್ಟನ್‌ನ ಇಂಗ್ಲಿಷ್ ಅನುವಾದ 1591ರಲ್ಲೇ ಅಚ್ಚಾಗಿತ್ತು, 'ಮಚ್ ಅಡೋ' ಅಚ್ಚಾದದ್ದು 1600ರಲ್ಲಿ. ಮೋಸ ಮಾತ್ರ ನಾಟಕಕ್ಕೆ ಬಂತು. "ನಿಜವೋ ಸುಳ್ಳೋ ನಾನು ನೋಡುವುದಿಲ್ಲ" ಎಂಬ ಮಾತನ್ನು ಅಲ್ಲಿ ಯಾರೂ ಆಡುವುದಿಲ್ಲ. ಹೀರೋಳ ಸೋದರಸಂಬಂಧಿ ಬಿಯಾಟ್ರಿಸ್ "ನಾನು ಗಂಡಾಗಿದ್ದರೆ!" ಎಂದು ಕುದಿಯುವುದೂ ತಂಗಿಯ ಮೇಲೆ ಸುಳ್ಳು ಹೊರಿಸಿದರು ಎಂಬ ಸಿಟ್ಟಿಗೆ. ರಿನಾಲ್ಡೊನ ಮಾತು ಮುಗಿದ ಕೂಡಲೇ ಹೀರೋಳ ಮದುವೆ ದೃಶ್ಯ ಓದಿಸಿ. ಏನು ಬಿಟ್ಟುಹೋಗಿದೆ ಎಂದು ನಿರೂಪಕರು ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.

ನೌರಂಗಿ ದರ್ವಾಜ (ರಾಯಚೂರು)

ಸಂಡೂರಿನವರು ಹೇಳಿದ್ದು ಖರೆ ಐತ್ರಿ. ಆದ್ರ ಫಿಲಿಪ್ಪಾನ್ನ ಪೂರಾ ಗೆದ್ದಾಕಿ ಅಂತ ತೋರಿಸಬ್ಯಾಡ್ರಿ. ಕಟ್ಟಳಿ ತಿದ್ದಿದ್ರು, ತೆಗೀಲಿಲ್ಲ. ರೊಕ್ಕಕ್ಕಾಗಿ ಗಂಡಗ ದ್ರೋಹ ಮಾಡಿದಾಕಿಗೆ ಬೆಂಕಿ ಹಂಗೇ ಉಳೀತು. ಗಂಡಸಿಗೆ ಮೊದಲೂ ಶಿಕ್ಷಾ ಇರಲಿಲ್ಲ, ಆಮ್ಯಾಲೂ ಬರಲಿಲ್ಲ. ಇನ್ನೊಂದು, ಆ ಕಥಿ ಹೇಳೋದು ಫಿಲೊಸ್ಟ್ರಾಟೊ ಅನ್ನೋ ಗಂಡಸು, ಮತ್ತ ಆ ದಿನದ ವಿಷಯಾನ ಚುರುಕು ಮಾತಿನಿಂದ ಪಾರಾದೋರ ಕಥಿ. ಆಕಿ ನಾಲಿಗಿ ಚುರುಕು ಇತ್ತು, ಬದುಕಿದ್ಲು. ಮಾತು ಬಾರದಾಕಿ ಸಿಕ್ಕಿದ್ರ? ಕೊನಿಗೆ ಎರಡು ಸಾಲಿನಾಗ ಇದನ್ನ ಕೇಳಿ ಬಿಡ್ರಿ.

ಒಥೆಲೋದಿಂದ ಕೊಲಿ ದೃಶ್ಯ ಕೈಬಿಟ್ಟು ನಾಲ್ಕನೇ ಅಂಕದ ಮೂರನೇ ದೃಶ್ಯ ತಗೋರಿ. ರಾತ್ರಿ, ಒಳಮನಿ, ಡೆಸ್ಡಿಮೋನಾ ಮತ್ತ ಆಕಿ ಸಖಿ ಎಮಿಲಿಯಾ ಇಬ್ಬರೇ. ಹೆಂಡ್ತೇರು ಜಾರಿದ್ರ ತಪ್ಪು ಗಂಡಂದಿರದು ಅಂತ ಎಮಿಲಿಯಾ ಶುರು ಮಾಡ್ತಾಳ. ಗಂಡಗ ಹೆಂಗೋ ಹೆಂಡ್ತಿಗೂ ಹಂಗೇ ಕಣ್ಣು ಕಾಣ್ತಾವ, ಮೂಗಿಗೆ ವಾಸನಿ ಬರ್ತದ, ನಾಲಿಗಿಗೆ ಸಿಹಿ ಹುಳಿ ಗೊತ್ತಾಗ್ತದ ಅಂತಾಳ. ಆಮ್ಯಾಲೆ ಮೂರು ಪ್ರಶ್ನಿ: ಗಂಡಸರು ನಮ್ಮನ್ನ ಬಿಟ್ಟು ಬ್ಯಾರೆ ಕಡೆ ಹೋಗೋದು ಮೋಜಿಗೇನು? ಆಸಿಗೇನು? ಮನಸಿನ ಬಲಹೀನತಿಗೇನು? ಒಂದೊಂದಕ್ಕೂ ತಾನೇ ಹೌದು ಅಂತ ಉತ್ತರ ಕೊಟ್ಟು, ಅವೇ ಮೂರು ನಮಗಿಲ್ಲೇನು ಅಂತ ತಿರುಗಿ ಕೇಳ್ತಾಳ. ಈ ಮೂರು ಕಡೆ ನಿಧಾನ ಮಾಡ್ರಿ. ಓಡಿಸಿದ್ರ ಬರೀ ಜಗಳದ ದನಿ ಆಗ್ತದ.

ಯಾವ ಪಠ್ಯ ಇಟ್ಗೊಂಡು ಅನುವಾದ ಮಾಡ್ತೀರಿ ಅನ್ನೋದು ನೋಡ್ಕೋರಿ. 1622ರ ಕ್ವಾರ್ಟೊದಾಗ (ಸಣ್ಣ ಆಕಾರದ ಮುದ್ರಣ) ಈ ಸುಮಾರು 18 ಸಾಲು ಇಲ್ಲ, ಅದೇ ದೃಶ್ಯದಾಗ ಡೆಸ್ಡಿಮೋನಾ ಹಾಡೋ ವಿಲೋ ಹಾಡೂ ಇಲ್ಲ. 1623ರ ಫೋಲಿಯೊದಾಗ (ದೊಡ್ಡ ಆಕಾರದ ನಾಟಕ ಸಂಪುಟ) ಎರಡೂ ಅದಾವ. ಈ ಮಾತು ಇಲ್ಲದಿದ್ರೂ ಕಥಿ ಮುಂದ ಹೋಗ್ತದ. ಅದಕ್ಕ ನಾಟಕ ಸಣ್ಣದು ಮಾಡೋರ ಕತ್ತರಿ ಮೊದಲು ಇಲ್ಲಿಗೇ ಬರ್ತದ.

ಎಮಿಲಿಯಾನ್ನ ದೇವತಿ ಮಾಡಬ್ಯಾಡ್ರಿ ಮತ್ತ. ಐದನೇ ಅಂಕದ ಮೊದಲ ದೃಶ್ಯದಾಗ ಇದೇ ಎಮಿಲಿಯಾ ಬಿಯಾಂಕಾನ್ನ ಸೂಳೆ ಅಂತ ಬೈತಾಳ. ನಾನು ಸೂಳೆ ಅಲ್ಲ, ನನ್ನ ಬೈಯೋ ನಿನ್ನಷ್ಟೇ ನಿಯತ್ತಿನಾಕಿ ಅಂತ ಬಿಯಾಂಕಾ ತಿರುಗಿ ನಿಲ್ತಾಳ. ಬಿಯಾಂಕಾ ಸಂಗಡ ಇದ್ದಾಂವ ಒಥೆಲೋನ ಕೈಕೆಳಗಿನ ಕ್ಯಾಸಿಯೊ. ಆಕಿ ಬಗ್ಗೆ ನಕ್ಕೋತ ಮಾತಾಡಿದಾಂವನೂ ಆತನ. ನಾಟಕ ಮುಗಿಯೋದ್ರಾಗ ಆತ ಸೈಪ್ರಸ್ಸಿನ ಅಧಿಕಾರಿ. ನಿಮ್ಮ ವಿಷಯ ಪೂರಾ ಆ ಒಂದು ನಾಟಕದೊಳಗ ಐತಿ, ಆದ್ರ ಕೊಲಿ ದೃಶ್ಯದಾಗ ಇಲ್ಲ.

ಹಾದರ ನಿಜ ಇದ್ದಾಕಿ ಬೇಕಂದ್ರ ಇಂಗ್ಲಿಷ್ ನಾಟಕಕಾರ ವೆಬ್‌ಸ್ಟರ್‌ನ 'ವೈಟ್ ಡೆವಿಲ್' (1612), ಮೂರನೇ ಅಂಕದ ವಿಚಾರಣಿ. ವಿಟ್ಟೋರಿಯಾ ಮತ್ತ ಡ್ಯೂಕ್ ಬ್ರಾಚಿಯಾನೊ ಇಬ್ಬರೂ ಕೂಡಿದೋರ. ಕಟಕಟಿಯೊಳಗ ಆಕಿ ಒಬ್ಬಾಕಿನ. ಈತ ಕರೀದೇ ಬಂದು, ತನ್ನ ಮೇಲಂಗಿ ನೆಲಕ್ಕ ಹಾಸ್ಕೊಂಡು ಅದರ ಮ್ಯಾಲೆ ಕುಂದರ್ತಾನ, ಸಿಟ್ಟು ಬಂದಾಗ ಎದ್ದು ಹೋಗ್ತಾನ. ತಡೆಯೋರು ಯಾರೂ ಇಲ್ಲ. ಕಾರ್ಡಿನಲ್ ಮೊಂಟಿಸೆಲ್ಸೊ ಆರೋಪ ಹೊರಿಸೋನೂ ತಾನ, ತೀರ್ಪು ಕೊಡೋನೂ ತಾನ. ಆರೋಪ ಹೊರಿಸಾಂವ ನ್ಯಾಯದ ಕುರ್ಚಿ ಬಿಟ್ಟು ಇಳಿ ಅಂತ ಆಕಿ ಮುಖದ ಮ್ಯಾಲೇ ಅಂತಾಳ. ಗಂಡನ ಕೊಲಿಗೆ ಸಾಕ್ಷಿ ಸಾಲದು, ಅದಕ್ಕ ನಡತಿ ಮ್ಯಾಲೆ ವಾದ ನಡೀತದ. ಮೇಲಂಗಿ ಬದಲು ಒಂದು ಶಾಲು ನೆಲಕ್ಕ ಹಾಸ್ರಿ, ವಾಚನಕ್ಕ ಅಷ್ಟು ಸಾಕು.

ಕೌಲ್‌ಬಜಾರ್ ಓದುಗ (ಬಳ್ಳಾರಿ)

ಇಬ್ಬರಿಗೂ ಶರಣು. ಪಟ್ಟಿ ತಲೆಕೆಳಗಾಯಿತು, ಒಳ್ಳೇದೇ ಆಯಿತು. ಈಗ ಅನುವಾದದ ತೊಡಕು. ಎಲ್ಲ ನಾಟಕದಲ್ಲೂ ಹೆಂಡತಿ ತಪ್ಪಿದ ಗಂಡನಿಗೆ ತಲೆಯ ಮೇಲೆ ಕೊಂಬು ಮೂಡಿತು ಅನ್ನೋ ಮಾತು ಬರುತ್ತೆ. ಕನ್ನಡದಲ್ಲಿ ಹೇಗೆ ಹೇಳೋದು? 'ಆನೆಸ್ಟ್' ಪದವೂ ಕಾಡ್ತಿದೆ. ವಿಟ್ಟೋರಿಯಾಳ ಮೇಲೆ ಆರೋಪ ಹೊರಿಸೋ ವಕೀಲ ಲ್ಯಾಟಿನ್‌ನಲ್ಲಿ ಶುರು ಮಾಡ್ತಾನಲ್ಲ, ಅದಕ್ಕೇನು ಮಾಡೋದು?

ಗವಿಮಠ ಓಣಿ (ಕೊಪ್ಪಳ)

ಕೊಂಬನ್ನು ಕೊಂಬು ಅಂತ ಇಡಲೇಬೇಡಿ. "ನಿನಗೇನು ಎರಡು ಕೊಂಬು ಅದಾವೇನು?" ಅಂದರೆ ನಮ್ಮಲ್ಲಿ ನೀನೇನು ಎಲ್ಲರಿಗಿಂತ ದೊಡ್ಡವನಾ ಅಂತ ಅರ್ಥ. ಅವಮಾನದ ಮಾತು ಕನ್ನಡಕ್ಕೆ ಬರುವಷ್ಟರಲ್ಲಿ ಸೊಕ್ಕಿನ ಮಾತಾಗಿಬಿಡುತ್ತದೆ. ಹೆಂಡತಿ ತಪ್ಪಿದ ಗಂಡನಿಗೆ ಅಂತಲೇ ಜನರ ಬಾಯಲ್ಲಿ ಸಲೀಸಾಗಿ ಓಡುವ ಒಂದು ಪದ ನಮ್ಮಲ್ಲಿಲ್ಲ. ಇರೋದು "ಹೆಂಡ್ತೀನ ಹದ್ದುಬಸ್ತಿನಾಗ ಇಟ್ಕೊಳ್ಳಾಕ ಆಗದಾಂವ" ಅನ್ನೋ ಹಂಗಿಸುವ ಮಾತು. ಅದನ್ನೇ ಬಳಸಿ. ಆ ಕೊಂಬಿನ ಒಳಗಿರುವ ಹೆದರಿಕೆಯೂ ಅದೇ: ಹೆಣ್ಣು ಕೈಮೀರಿದಳು, ಊರು ನಗುತ್ತದೆ. ಒಥೆಲೋ ಮೂರನೇ ಅಂಕದಲ್ಲಿ ಹಣೆ ನೋಯುತ್ತಿದೆ ಅನ್ನೋದು ಕೊಂಬಿನದೇ ಸೂಚನೆ. ಅಲ್ಲಿ ವಿವರಣೆ ತುರುಕಬೇಡಿ. ಓದುವವರು ಹಣೆ ಒತ್ತಿಕೊಳ್ಳಲಿ, ಮಾತು ತಲೆನೋವಾಗಿಯೇ ಇರಲಿ.

'ಆನೆಸ್ಟ್' ಹೆಚ್ಚು ಮುಖ್ಯ. 'ಒಥೆಲೋ'ದ ಖಳ ಇಯಾಗೊಗೆ ಅನ್ನುವಾಗ ಅದರ ಅರ್ಥ ನಂಬಿಗಸ್ತ. ಡೆಸ್ಡಿಮೋನಾಗೆ ಅನ್ನುವಾಗ ಶೀಲವಂತೆ. ಗಂಡಿನ ಮರ್ಯಾದೆ ಮಾತಿನಲ್ಲಿ, ಹೆಣ್ಣಿನ ಮರ್ಯಾದೆ ಮೈಯಲ್ಲಿ ಎನ್ನುವ ತಕ್ಕಡಿ ಆ ಒಂದು ಪದದೊಳಗೇ ಇದೆ. ಪ್ರಾಮಾಣಿಕ, ಪತಿವ್ರತೆ ಅಂತ ಎರಡು ಪದ ಹಾಕಿದರೆ ತಕ್ಕಡಿ ಮುರಿಯಿತು. 'ಗರತಿ' ಹಾಕೋಣವೆಂದರೆ ಅದಕ್ಕೆ ಗಂಡು ರೂಪವೇ ಇಲ್ಲ. ರಾಯಚೂರಿನವರು ಮೇಲೆ ಬಿಯಾಂಕಾಗೆ ಬಳಸಿದ 'ನಿಯತ್ತು' ಸರಿಯಾದ ಪದ. ನಿಯತ್ತಿನ ಮನುಷ್ಯ ಅಂದರೆ ಒಂದು, ನಿಯತ್ತಿನ ಹೆಂಗಸು ಅಂದ ಕೂಡಲೇ ಕೇಳುವವರ ಮನಸ್ಸು ತಾನಾಗಿ ಇನ್ನೊಂದು ಕಡೆ ವಾಲುತ್ತದೆ. ಇಯಾಗೊಗೂ ಅದೇ ಪದ, ಬಿಯಾಂಕಾಗೂ ಅದೇ ಪದ. ಎಲ್ಲಿಯೂ ಬದಲಿಸಬೇಡಿ.

ಗಂಡಸಿನ ಹಾದರಕ್ಕೆ ನಮ್ಮ ಮಾತು ಎಷ್ಟು ಮೆತ್ತಗೆ ಅನ್ನೋದನ್ನೂ ಗಮನಿಸಿ. "ಆತಗ ಅಲ್ಲೊಂದು ಮನಿ ಐತಿ" ಅಂತೀವಿ. ಗಂಡಿಗೆ ಮನೆ, ಹೆಣ್ಣಿಗೆ ಬೈಗಳ. ಎಮಿಲಿಯಾಳ ಮಾತಿನಲ್ಲಿ ಗಂಡಂದಿರು ಬೇರೆ ಮಡಿಲಿಗೆ ಸುರಿಯುತ್ತಾರೆ ಅಂತ ಬರುವ ಕಡೆ ಈ ನಮ್ಮ ಮಾತು ಚೆನ್ನಾಗಿ ಕೂರುತ್ತದೆ.

ಒಂದು ಕಳಕಳಿಯ ಮಾತು. ಬಿಯಾಂಕಾಗೋ ವಿಟ್ಟೋರಿಯಾಗೋ ಸ್ಥಳೀಯ ಬಣ್ಣ ಬರಲಿ ಅಂತ 'ಬಸವಿ' 'ಜೋಗತಿ' ಪದ ಬೈಗಳವಾಗಿ ಹಾಕುವ ಆಸೆ ಅನುವಾದಕರಿಗೆ ಬರುತ್ತದೆ. ಹಾಕಬೇಡಿ. ದೇವರಿಗೆ ಬಿಟ್ಟ ಹೆಣ್ಣುಮಕ್ಕಳು ತಾವಾಗಿ ಆರಿಸಿಕೊಂಡ ಬದುಕಲ್ಲ ಅದು. ಮುತ್ತು ಕಟ್ಟುವುದನ್ನು ರಾಜ್ಯದಲ್ಲಿ 1982ರ ಕಾಯ್ದೆಯೇ ನಿಷೇಧಿಸಿತು. ಬಳ್ಳಾರಿ, ಕೊಪ್ಪಳ, ರಾಯಚೂರು ಯಾವ ಊರಿನ ಸಭೆಯಲ್ಲೂ ಅಂಥ ಮನೆಯ ಮಕ್ಕಳು ಕೂತಿರಬಹುದು.

ವಕೀಲನ ಲ್ಯಾಟಿನ್ ಸುಲಭ. ನೆರೆದ ಜನಕ್ಕೆ ಅರ್ಥವಾಗದ ಭಾಷೆಯಲ್ಲಿ ನನ್ನ ಮೇಲೆ ಆರೋಪ ಹೊರಿಸಬೇಡಿ ಅಂತ ವಿಟ್ಟೋರಿಯಾ ತಡೆಯುತ್ತಾಳೆ. ಬಳ್ಳಾರಿ 1953ರವರೆಗೆ ಮದ್ರಾಸಿನ ಕೈಯಲ್ಲಿತ್ತು, ಅಲ್ಲಿ ಇಂಗ್ಲಿಷಿನಲ್ಲೇ ಓದಿಸಿ. ಇದೇ ವಾಚನ ರಾಯಚೂರಿಗೋ ನಮ್ಮ ಕೊಪ್ಪಳಕ್ಕೋ ಬಂದರೆ ನಿಜಾಮರ ಕಾಲದ ಕಚೇರಿ ಉರ್ದು ಹಾಕಿ. ಐದಾರು ಸಾಲು ಸಾಕು.

ತುಂಗಭದ್ರಾ ಎಡದಂಡೆ

ಕಾನೂನಿನ ಹಿನ್ನೆಲೆ ನಿರೂಪಣೆಗೆ ಬೇಕಾದರೆ ಮೂರು ಸಂಗತಿ ಸಾಕು, ಹೆಚ್ಚು ಹಾಕಿದರೆ ವಾಚನ ಉಪನ್ಯಾಸವಾಗುತ್ತದೆ.

ಹೆಣ್ಣುಮಕ್ಕಳ ಶಿಕ್ಷಣದ ಬಗ್ಗೆ ಸ್ಪೇನಿನ ವಿದ್ವಾಂಸ ವೀವೆಸ್ ಬರೆದ ಲ್ಯಾಟಿನ್ ಪುಸ್ತಕ 1524ರಲ್ಲಿ ಅಚ್ಚಾಯಿತು. ಗಂಡಿಗೆ ಹಲವು ಗುಣ ಬೇಕು, ಹೆಣ್ಣಿಗೆ ಶೀಲವೊಂದಿದ್ದರೆ ಆಯಿತು ಅನ್ನುವುದು ಅದರ ತಿರುಳು. ಗಂಡ ತಪ್ಪಿದರೆ ಹೆಂಡತಿ ಸಹಿಸಿಕೊಳ್ಳಲಿ ಎಂಬ ಬುದ್ಧಿಮಾತೂ ಇದೆ. ಅರ್ಪಣೆ ಇಂಗ್ಲೆಂಡಿನ ರಾಣಿ ಕ್ಯಾಥರೀನಳಿಗೆ. ಮರುವರ್ಷ 1525ರಲ್ಲಿ ಅವಳ ಗಂಡ ಎಂಟನೇ ಹೆನ್ರಿ ಬೇರೆ ಹೆಂಗಸಿನಲ್ಲಿ ಹುಟ್ಟಿದ ಆರು ವರ್ಷದ ಮಗನನ್ನು ಬಹಿರಂಗವಾಗಿ ಡ್ಯೂಕ್ ಮಾಡಿದ. ಅದೇ ಹೆನ್ರಿ ಹಾದರದ ಆರೋಪ ಹೊರಿಸಿ 1536ರಲ್ಲಿ ಆ್ಯನ್ ಬೊಲಿನ್‌ಳ, 1542ರಲ್ಲಿ ಕ್ಯಾಥರೀನ್ ಹೊವರ್ಡ್‌ಳ ತಲೆ ತೆಗೆಸಿದ. ಈ ನಾಲ್ಕು ಇಸವಿ ಒಂದರ ಹಿಂದೊಂದು ಓದಿದರೆ ಸಾಕು.

ಎರಡನೆಯದು ಕಾರಣ. ಇಟಲಿಯ ಕ್ಯಾಸ್ಟಿಲಿಯೊನೆಯ 'ಕೋರ್ಟಿಯರ್' (1528) ಸಂವಾದದಲ್ಲಿ ಗಂಡಸರೇ ಒಪ್ಪಿಕೊಳ್ಳುತ್ತಾರೆ: ಲಂಪಟತನ ನಮಗೆ ದೋಷವಲ್ಲ, ಹೆಣ್ಣಿಗೆ ಮಹಾ ಕಳಂಕ ಎಂಬ ಕಾನೂನು ನಾವೇ ಮಾಡಿಕೊಂಡದ್ದು. ಅದಕ್ಕೆ ಅಲ್ಲಿ ಕೊಡುವ ಸಮರ್ಥನೆ, ಇಲ್ಲದಿದ್ದರೆ ಮಕ್ಕಳು ಯಾರವರೆಂದು ತಿಳಿಯದು. ಆಸ್ತಿ, ಮನೆತನದ ಹೆಸರು, ಎಲ್ಲ ಅದರ ಮೇಲೆ ನಿಂತಿತ್ತು. ಈ ವಾದ ಕೇಳಲು ಸರಿ ಅನಿಸುತ್ತದೆ, ಆದರೆ ಅರ್ಧ ಮಾತ್ರ. ಇನ್ನೊಬ್ಬನ ಮನೆಯಲ್ಲಿ ಮಗು ಹುಟ್ಟಿಸುವ ಗಂಡಸೂ ಅದೇ ಗೊಂದಲ ತರುತ್ತಾನಲ್ಲ.

ಮೂರನೆಯದು, 1650ರ ಇಂಗ್ಲಿಷ್ ಕಾಯ್ದೆ. ನಿಮ್ಮ ನಾಟಕಗಳ ನಂತರದ್ದು, ಆದರೆ ಸ್ಪಷ್ಟ. ಮದುವೆಯಾದ ಹೆಣ್ಣು ತಪ್ಪಿದರೆ ಅವಳಿಗೂ ಜತೆಗಾರನಿಗೂ ಮರಣದಂಡನೆ. ಮದುವೆಯಾದ ಗಂಡು ಮದುವೆಯಾಗದವಳ ಜತೆ ಇದ್ದರೆ ಮೂರು ತಿಂಗಳ ಸೆರೆ. ನಮ್ಮ ಹಳೆಯ ದಂಡಸಂಹಿತೆಯ ಹಾದರದ ಕಲಮು 497ನ್ನು ಸಭೆಯಲ್ಲಿ ಯಾರಾದರೂ ಎತ್ತೇ ಎತ್ತುತ್ತಾರೆ, ಉತ್ತರ ಇಟ್ಟುಕೊಂಡಿರಿ. ಅದು ಹೆಂಡತಿಯನ್ನು ಶಿಕ್ಷಿಸುತ್ತಿರಲಿಲ್ಲ, ಜತೆಗಾರನನ್ನು ಮಾತ್ರ. ಗಂಡನ ಒಪ್ಪಿಗೆ ಇದ್ದರೆ ಅಪರಾಧವೇ ಅಲ್ಲ. ಹೆಣ್ಣಿನ ಮೇಲಿನ ಕರುಣೆಯಲ್ಲ ಅದು, ಅವಳು ಗಂಡನ ಸೊತ್ತು ಎಂಬ ಲೆಕ್ಕ. 27 ಸೆಪ್ಟೆಂಬರ್ 2018ರಂದು ಸುಪ್ರೀಂ ಕೋರ್ಟಿನ ಐವರ ಪೀಠ ಅದನ್ನು ರದ್ದು ಮಾಡಿತು.

ಆನೆಗುಂದಿ ದಾರಿ (ಗಂಗಾವತಿ)

ನಮ್ಮ ನೆಲದ ಕಥೆ ಒಂದೂ ಬೇಡವೇ? ಗಂಗಾವತಿ ಸೀಮೆಯ ಕುಮ್ಮಟದುರ್ಗದ ಕುಮಾರರಾಮನನ್ನು ನಂಜುಂಡ ಕವಿ ಹಾಡಿದ್ದು 16ನೇ ಶತಮಾನದಲ್ಲಿ, ಹೆಚ್ಚುಕಡಿಮೆ ಅರಿಯೊಸ್ಟೊನ ಶತಮಾನವೇ. ಚೆಂಡು ತರಲು ಒಳಗೆ ಹೋದ ರಾಮನನ್ನು ಮಲತಾಯಿ ರತ್ನಾಜಿ ಬಯಸುತ್ತಾಳೆ, ಅವನು ಒಲ್ಲೆ ಅನ್ನುತ್ತಾನೆ, ಅವಳು ಅವನ ಮೇಲೇ ದೂರು ಕೊಡುತ್ತಾಳೆ. ಕಂಪಿಲರಾಯ ವಿಚಾರಿಸದೆ ಮಗನ ತಲೆ ತೆಗೆಯಲು ಹೇಳುತ್ತಾನೆ, ಮಂತ್ರಿ ಬೈಚಪ್ಪ ಅವನನ್ನು ಬಚ್ಚಿಟ್ಟು ಕಾಯುತ್ತಾನೆ. ಇಲ್ಲಿ ಶೀಲದ ಹೊಗಳಿಕೆ ಗಂಡಿಗೆ, 'ಪರನಾರೀ ಸೋದರ' ಎಂಬ ಬಿರುದೂ ಗಂಡಿಗೆ. ಯುರೋಪಿನ ಆ ಪಠ್ಯಗಳಲ್ಲಿ ಇಂಥದ್ದು ಹುಡುಕಿದರೂ ಸಿಗುವುದು ಕಷ್ಟ.

ಸಂಡೂರು ಮಣ್ಣು

ಗಂಗಾವತಿಯವರ ಮಾತು ಒಳ್ಳೆಯದು, ಆದರೆ ಈ ವಾಚನಕ್ಕೆ ಬೇಡ ಎಂದು ನನ್ನ ಅನಿಸಿಕೆ. ಅದು ಸುಳ್ಳು ದೂರಿನ ಕಥೆ, ಹಾದರದ ನ್ಯಾಯದ ಕಥೆಯಲ್ಲ. ಹೆಣ್ಣೇ ಕೇಡಿಗೆ ಮೂಲ ಎಂಬ ಹಳೆಯ ತೀರ್ಪಿನಿಂದ ರತ್ನಾಜಿ ಪಾರಾಗುವುದೂ ಇಲ್ಲ. ನಮ್ಮದೇ ಬೇಕೆಂದರೆ ಜನ್ನನ 'ಯಶೋಧರ ಚರಿತೆ'ಯ ಅಮೃತಮತಿ ಹತ್ತಿರದವಳು: ಮಾವುತನ ಹಾಡಿಗೆ ಸೋತ ರಾಣಿ, ನಿಜವಾಗಿಯೂ ತಪ್ಪಿದವಳು. ಆದರೆ 1209ರ ಜೈನ ಕಾವ್ಯ ಬೇರೆಯದೇ ಧರ್ಮದ ಲೆಕ್ಕದಲ್ಲಿ ನಡೆಯುತ್ತದೆ. ಅದಕ್ಕೆ ಇನ್ನೊಂದು ಸಂಜೆ ಇಡಿ.

ಹೆಣ್ಣೇ ಬರೆದದ್ದು ಒಂದಾದರೂ ಇರಲಿ. ಎಲಿಜಬೆತ್ ಕೇರಿಯ 'ಮೇರಿಯಮ್' (1613) ಇಂಗ್ಲಿಷಿನಲ್ಲಿ ಹೆಣ್ಣು ಬರೆದು ಅಚ್ಚಾದ ಮೊದಲ ಸ್ವಂತ ನಾಟಕ. ಅದರಲ್ಲಿ ಸಲೋಮಿ ಗಂಡನನ್ನು ಬಿಡಬೇಕೆಂದಿದ್ದಾಳೆ. ವಿಚ್ಛೇದನದ ಹಕ್ಕು ಗಂಡಿಗಷ್ಟೇ ಯಾಕೆ, ದೇವರಿಗೆ ಅವರ ಮೇಲೆ ಹೆಚ್ಚು ಪ್ರೀತಿಯೇ, ಈ ರೂಢಿ ಮುರಿಯುವವಳು ನಾನೇ ಆಗುತ್ತೇನೆ ಅನ್ನುತ್ತಾಳೆ. ಆದರೆ ನಾಟಕದ ದುಷ್ಟೆಯೂ ಅವಳೇ. ಇಂಥ ಮಾತು ಯಾರ ಬಾಯಿಗೆ ಬಂತು ಎಂದು ಪ್ರತಿಸಲವೂ ನೋಡಬೇಕು: ರಿನಾಲ್ಡೊ ಕತ್ತಿ ಇರುವ ಗಂಡಸು, ದಾರಿಯಲ್ಲೇ ನಿಂತು ಹೇಳಬಲ್ಲ. ಎಮಿಲಿಯಾ ರಾತ್ರಿ ಬಾಗಿಲ ಹಿಂದೆ ಹೇಳಬೇಕು. ಸಲೋಮಿಗೆ ಹೇಳಬೇಕಾದರೆ ಕೆಟ್ಟವಳೇ ಆಗಿರಬೇಕು.

ಕೌಲ್‌ಬಜಾರ್ ಓದುಗ (ಬಳ್ಳಾರಿ)

ಈಗಿನ ಕ್ರಮ: ಫಿಲಿಪ್ಪಾ 12 ನಿಮಿಷ, ರಿನಾಲ್ಡೊ 5, ಹೀರೋ 12, ಸಲೋಮಿ 5, ಎಮಿಲಿಯಾ ಮತ್ತು ಬಿಯಾಂಕಾ ಸೇರಿ 15, ವಿಟ್ಟೋರಿಯಾ 15. ನಿರೂಪಣೆಗೆ 6. ಐದು ನಿಮಿಷ ಉಳಿಯಿತು. ಹರ್ಮಿಯೋನಿಯನ್ನು ಬಿಡೋಕೆ ಮನಸ್ಸಿಲ್ಲ, ಹೆತ್ತ ಬಾಣಂತಿಯನ್ನು ಬಯಲ ಕೋರ್ಟಿಗೆ ಎಳೆತಂದ ದೃಶ್ಯ ಅದು. ಆದರೆ ಐದು ನಿಮಿಷಕ್ಕೆ ಕೂರಲ್ಲ.

ನೌರಂಗಿ ದರ್ವಾಜ (ರಾಯಚೂರು)

ಹರ್ಮಿಯೋನಿನ್ನ ಐದು ನಿಮಿಷಕ್ಕ ಕತ್ತರಿಸಿದ್ರ ಆಕಿ ವಾದಾನ ಹೋಗ್ತದ. ಬ್ಯಾಡ್ರಿ. ಆ ಐದು ನಿಮಿಷಕ್ಕ ಷೇಕ್ಸ್‌ಪಿಯರ್‌ನ 'ಸಿಂಬಲಿನ್' ಐದನೇ ಅಂಕದ ಮೊದಲ ದೃಶ್ಯ ಸರಿಯಾಗಿ ಕೂಡ್ತದ. ಪೋಸ್ತುಮಸ್ ಒಬ್ಬನ ಮಾತು, 33 ಸಾಲು. ಹೆಂಡ್ತಿ ಇಮೋಜೆನ್ ತಪ್ಪಿದ್ಲು ಅಂತ ನಂಬಿ ಕೊಲ್ಲಾಕ ಹೇಳ್ಯಾನ, ಆಕಿ ಸತ್ತಾಳ ಅಂತ ರಕ್ತದ ಅರಿವಿ ಕೈಗೆ ಬಂದೈತಿ. ಆಕಿ ತಪ್ಪಿಲ್ಲ ಅನ್ನೋದು ಆತಗ ಇನ್ನೂ ಗೊತ್ತಿಲ್ಲ. ಆದ್ರೂ ಅಲ್ಲೇ ಒಡೀತಾನ: ಮದುವಿ ಆದೋರೆ, ನೀವೆಲ್ಲರೂ ಹಿಂಗ ಮಾಡಿದ್ರ, ಚೂರು ದಾರಿ ತಪ್ಪಿದ್ದಕ್ಕ ತಮಗಿಂತ ಎಷ್ಟೋ ಪಾಲು ಚಲೋ ಇದ್ದ ಹೆಂಡ್ತೇರನ್ನ ಎಷ್ಟು ಮಂದಿ ಕೊಲ್ಲಬೇಕಾಗ್ತದ! ಸಂಡೂರಿನವರು ಮೊದಲು ಕೇಳಿದ್ದು ಇಂಥಾ ಗಂಡಸನ್ನೇ.

ಕೈಯಾಗ ಒಂದು ಕೆಂಪು ಬಣ್ಣ ಹತ್ತಿದ ಬಿಳಿ ಅರಿವಿ ಇರಲಿ, ಮತ್ತೇನೂ ಬ್ಯಾಡ. ನಿರೂಪಕರಿಗೆ ಒಂದು ಮಾತು ಗಟ್ಟಿಯಾಗಿ ಹೇಳಿರ್ರಿ: ಇಮೋಜೆನ್ ಬದುಕ್ಯಾಳ, ಆಕಿ ಏನೂ ಮಾಡಿಲ್ಲ ಅಂತ ಮುನ್ನುಡಿಯಾಗ ಬಾಯಿ ಬಿಡಬಾರದು. ಬಿಟ್ರ ಮಂದಿ ನಿರಾಳ ಆಗಿ ಕುಂದರ್ತಾರ.